ಬೆನ್ನಿಲ್ಲದ ಪುಸ್ತಕ

ಇದನ್ನು ನಿನಗೆಂದೇ ತಂದಿದ್ದೇನೆ ಎಂದರೆ ಅವಳು ಕೇಳುವ ಮೊದಲ ಪ್ರಶ್ನೆ, ನನಗ್ಯಾಕೆ? ಅದಕ್ಕಿರುವುದು ಒಂದೇ ಉತ್ತರ. ಆ ಉತ್ತರವನ್ನು ಹದಿನಾಲ್ಕು ತಿಂಗಳಿಂದ ಇಬ್ಬರೂ ಬಾಯಿಗೆ ತಂದಿಲ್ಲ. ಅಂಗಡಿಗೆಂದು ತಂದೆ ಎಂದರೆ? ಹಾಗಾದರೆ ಕಪಾಟಿನಲ್ಲಿಡಿ ಎಂದು ತನ್ನ ಪಾಡಿಗೆ ತಾನು ಹಾಳೆ ಮಡಚುತ್ತಾಳೆ, ಅಲ್ಲಿಗೆ ಕಥೆ ಮುಗಿಯಿತು. ಏನೂ ಹೇಳದೆ ಅವಳ ಮುಂದಿಟ್ಟು ಎದ್ದು ಹೋದರೆ? ಅದೂ ಒಂದು ಮಾತೇ. ಮೂವತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದ ಹೆಂಗಸಿಗೆ ಗಂಡ ಬಾಯಿ ಮುಚ್ಚಿಕೊಂಡಾಗಲೇ ಹೆಚ್ಚು ಕೇಳಿಸುತ್ತದೆ.

ಬೈಂಡರ್ ಹೀಗೆ ತನ್ನೊಳಗೇ ಕುಸ್ತಿ ಆಡುತ್ತ ಒಂದೇ ರಟ್ಟನ್ನು ನಾಲ್ಕನೆಯ ಸಲ ಅಳೆದ. ಅವನ ಕಾಲ ಬಳಿ, ಕತ್ತರಿಸಿ ಉಳಿದ ಕಾಗದದ ಚೂರುಗಳ ಬುಟ್ಟಿಯಲ್ಲಿ, ಒಂದು ಬಿಳಿ ಪೆಟ್ಟಿಗೆ ಹೂತಿತ್ತು. ಅದರೊಳಗೆ ಒಂದು ಪುಟ್ಟ ಟ್ಯಾಬ್ಲೆಟ್. ಅದನ್ನು ಕೊಂಡ ಅಂಗಡಿಯಲ್ಲಿದ್ದವುಗಳಲ್ಲಿ ಅದೇ ಚಿಕ್ಕದು, ಅದೇ ಅಗ್ಗದ್ದು. ಮಾರಿದಾಕೆ ಅದರೊಳಗೆ ಹತ್ತು ಹನ್ನೆರಡು ಹಳೆಯ ಕಾದಂಬರಿಗಳನ್ನು ತುಂಬಿಸಿಕೊಟ್ಟು, ಎರಡು ಬೆರಳು ಅಗಲಿಸಿದರೆ ಅಕ್ಷರ ಹಿಗ್ಗುವುದನ್ನು ತೋರಿಸಿದ್ದಳು. ಸಾಸಿವೆಯಷ್ಟಿದ್ದ ಅಕ್ಷರ ಕಡಲೆಯಷ್ಟಾಯಿತು, ಕಡಲೆಯಷ್ಟಿದ್ದದ್ದು ಅಂಗಿಯ ಗುಂಡಿಯಷ್ಟಾಯಿತು. ಬೈಂಡರ್ ಅಲ್ಲೇ ನಿಂತು ಆರು ಸಲ ಹಿಗ್ಗಿಸಿ ಕುಗ್ಗಿಸಿ ನೋಡಿದ್ದ. "ಏಳು ದಿನದೊಳಗೆ ಬೇಡ ಅನ್ನಿಸಿದ್ರೆ ವಾಪಸ್ ತನ್ನಿ ಅಂಕಲ್. ಆದ್ರೆ ಒಂದು ಗೀರೂ ಬಿದ್ದಿರಬಾರದು" ಎಂದು ಆಕೆ ಹೇಳಿದ್ದು ಅವನಿಗೆ ಒಂದು ಆಸರೆಯಂತಿತ್ತು. ಹೆಂಡತಿ ಒಲ್ಲೆ ಎಂದರೆ ತಿರುಗಿ ಕೊಟ್ಟರಾಯಿತು. ತಂದದ್ದೇ ಇಲ್ಲ ಅನ್ನುವ ಹಾಗೆ.

ಅವನ ಹೆಂಡತಿ ಎದುರುಗಡೆಯ ಉದ್ದ ಮೇಜಿನಲ್ಲಿ ಹಾಳೆ ಮಡಚುತ್ತಿದ್ದಳು. ಒಂದು ದೊಡ್ಡ ಹಾಳೆ, ಎರಡೂ ಬದಿ ಸೇರಿ ಹದಿನಾರು ಪುಟ. ಅದಕ್ಕೆ ಫಾರಂ ಎನ್ನುತ್ತಾರೆ. ಮೂರು ಮಡಿಕೆ ಬಿದ್ದ ಮೇಲೆ ಪುಟಗಳು ಒಂದು, ಎರಡು, ಮೂರು ಎಂದು ಸರಿಯಾಗಿ ಕೂರುತ್ತವೆ. ಮಡಚುವ ಮೊದಲು ನೋಡಿದರೆ ಮಾತ್ರ ಊರೆಲ್ಲ ಅಸ್ತವ್ಯಸ್ತ. ಒಂದರ ಪಕ್ಕ ಹದಿನಾರು, ನಾಲ್ಕರ ಪಕ್ಕ ಹದಿಮೂರು, ಉಳಿದರ್ಧ ತಲೆಕೆಳಗು. ಮೊದಲೆಲ್ಲ ಅವಳು ಒಂದು ಪ್ರತಿಯನ್ನು ಕಣ್ಣೆದುರಿನ ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟು, ಕೈ ಮಡಚುತ್ತಿದ್ದಂತೆ ಗಟ್ಟಿಯಾಗಿ ಓದುತ್ತಿದ್ದಳು. ತಲೆಕೆಳಗಿನ ಸಾಲನ್ನೂ ನೀರು ಕುಡಿದ ಹಾಗೆ ಓದುತ್ತಿದ್ದಳು. ಮೊದಲ ಪುಟದಲ್ಲಿ ಹುಡುಗಿ ನೋಡಲು ಬಂದವನು ಪಕ್ಕದ ಪುಟದಲ್ಲಿ ಮಗಳ ಮದುವೆ ಮಾಡಿ ಮುಗಿಸಿರುತ್ತಿದ್ದ. ಎರಡು, ಮೂರನೆಯ ಪುಟಗಳು ಹಾಳೆಯ ಹಿಂಬದಿಯಲ್ಲಿ. ಅದನ್ನು ತಿರುಗಿಸುವ ಹೊತ್ತಿಗೆ ನಡುವೆ ಏನಾಗಿರಬೇಕು ಎಂಬುದನ್ನು ಅವಳೇ ಕಟ್ಟಿ ಹೇಳಿಯಾಗಿರುತ್ತಿತ್ತು. ಎಷ್ಟೋ ಸಲ ಪುಸ್ತಕ ಬರೆದವನಿಗಿಂತ ಇವಳು ಕಟ್ಟಿದ್ದೇ ಮೇಲು.

ಬೈಂಡರ್‌ಗೆ ಅಕ್ಷರ ಬರುತ್ತಿರಲಿಲ್ಲ ಎಂದಲ್ಲ. ಅವನ ಕಣ್ಣು ಪುಟದ ಸಂಖ್ಯೆ, ಅಂಚು, ಹೊಲಿಗೆ ಇಷ್ಟರಲ್ಲೇ ನಿಲ್ಲುತ್ತಿತ್ತು. ಕಥೆ ಅವನಿಗೆ ಬಂದದ್ದೆಲ್ಲ ಅವಳ ಬಾಯಿಂದ. ಆದರೆ ಅವನು ಒಂದು ದಿನವೂ ಕೇಳುತ್ತಿದ್ದೇನೆ ಎಂದು ತೋರಿಸಿಕೊಂಡವನಲ್ಲ. "ಬಾಯಿ ಸಾಕು, ಕೈ ನಡೀಲಿ" ಎನ್ನುವುದು ಅವನ ವಾಡಿಕೆ. "ಕೈ ನಡೀತಾನೇ ಇದೆ, ಕಿವಿ ನೀವೇ ಮುಚ್ಕೊಳ್ಳಿ" ಎನ್ನುವುದು ಅವಳದು.

ಹದಿನಾಲ್ಕು ತಿಂಗಳ ಹಿಂದೆ ಕಣ್ಣಿನ ಡಾಕ್ಟರ ಬಳಿ ಹೋಗಿ ಬಂದಳು. ಕನ್ನಡಕ ಬದಲಿಸಿ ಪ್ರಯೋಜನವಿಲ್ಲವಂತೆ, ದೊಡ್ಡದಾದರೆ ಕಾಣುತ್ತದಂತೆ, ಸಣ್ಣ ಅಕ್ಷರ ಇನ್ನು ಕಷ್ಟವಂತೆ ಎಂದು ಒಂದೇ ಉಸಿರಿನಲ್ಲಿ ಹೇಳಿ, ಚೀಲ ಗೂಟಕ್ಕೆ ನೇತುಹಾಕಿ ಕೆಲಸಕ್ಕೆ ಕುಳಿತಳು. ಮಾರನೆಯ ದಿನ ದಾರಕ್ಕೆ ಹಾಳೆ ತೂಗುಬಿಡಲಿಲ್ಲ. ಬರಿದಾದ ದಾರವನ್ನು ಬೈಂಡರ್ ನೋಡುತ್ತಿದ್ದುದನ್ನು ಅವಳು ಗಮನಿಸಿದಳು. "ಈಗಿನ ಪುಸ್ತಕದಲ್ಲಿ ಓದೋಕೇನಿದೆ, ಮಣ್ಣು" ಎಂದಳು. ಅವನು ಹೂಂ ಎಂದ. ಆ ಹೂಂ ಅಂಟಿನಂತೆ ಒಣಗಿ ಗಟ್ಟಿಯಾಯಿತು. ಮಡಿಕೆಗೆ ಕಣ್ಣು ಬೇಡ, ಬೆರಳೇ ಸಾಕು. ಹಾಗಾಗಿ ಕೆಲಸ ನಿಲ್ಲಲಿಲ್ಲ. ನಿಂತದ್ದು ದನಿ ಮಾತ್ರ.

"ಅಣ್ಣಾ, ಬುಟ್ಟೀಲಿ ಏನದು, ಮೊಟ್ಟೆ ಇಟ್ಟಿದೀಯಾ? ಬೆಳಗಿಂದ ಕಾವು ಕೊಡ್ತಾ ಕೂತಿದೀಯಲ್ಲ!"

ಬಾಗಿಲಲ್ಲಿ ಮಸಿಯಪ್ಪ. ಪಕ್ಕದ ಕೋಣೆಯಲ್ಲಿ ಮುದ್ರಣ ಯಂತ್ರ ನಡೆಸುವವನು. ಮೊಣಕೈತನಕ ಸದಾ ಮಸಿ, ಆದ್ದರಿಂದ ಬೈಂಡರನ ಹೆಂಡತಿಯೇ ಇಟ್ಟ ಹೆಸರು. ಎರಡು ಕೋಣೆಗಳ ನಡುವೆ ಇರುವುದು ಹಲಗೆಯ ಗೋಡೆ, ಈ ಕಡೆ ಸೀನಿದರೆ ಆ ಕಡೆ ಕೇಳಿಸುತ್ತದೆ.

ಇನ್ನು ಅಡಗಿಸಿ ಫಲವಿರಲಿಲ್ಲ. ಬೈಂಡರ್ ಪೆಟ್ಟಿಗೆ ಎತ್ತಿ ಮೇಜಿನ ಮೇಲಿಟ್ಟ. "ಅಂಗಡಿಗೆ" ಎಂದ. "ಗಿರಾಕಿಗಳಿಗೆ ರಟ್ಟಿನ ಬಣ್ಣ ಗಿಣ್ಣ ತೋರಿಸೋಕೆ."

"ಪುಸ್ತಕ ಕಟ್ಟೋನು ಪುಸ್ತಕ ನುಂಗೋದನ್ನ ಮನೆಗೆ ತಂದ! ನೋಡಿದ್ರಾ ಅತ್ತಿಗೆ?"

"ನೋಡಿದೆ" ಎಂದಳು ಅವಳು, ನೋಡದೆ.

ಆದರೂ ಹೊಸ ವಸ್ತು. ಮಸಿಯಪ್ಪ ಕೈ ಒರೆಸಿಕೊಂಡು ಮುಟ್ಟಿದ, ಬೈಂಡರ್ ಮುಟ್ಟಿದ, ಕೊನೆಗೆ ಅವಳೂ ಎದ್ದು ಬಂದು ಹೊಸ ಕಾಗದದ ರೀಮನ್ನು ಪರೀಕ್ಷಿಸುವವಳಂತೆ ಅಂಗೈಯಲ್ಲಿ ತೂಗಿದಳು. ಅಂಚಿನ ಮೇಲೆ ಹೆಬ್ಬೆರಳು ಹಾಯಿಸಿದಳು.

"ಹಿಂಬದಿ ಪ್ಲಾಸ್ಟಿಕ್ಕು."

"ಹೂಂ, ಅಗ್ಗದ್ದು."

"ಮೂಲೆ ದುಂಡಗಿದೆ. ಒಳ್ಳೇದು, ಕಿವಿ ಮಡಚಿಕೊಳ್ಳಲ್ಲ. ಆದ್ರೆ ರೀ, ಇದಕ್ಕೆ ಬೆನ್ನೇ ಇಲ್ವಲ್ಲ? ಬೆನ್ನಿಲ್ಲದ ಪುಸ್ತಕ, ಎಲ್ಲಿ ನಿಲ್ಲುತ್ತೆ?"

ಬೈಂಡರ್ ಗುಂಡಿ ಒತ್ತಿದ. ಪರದೆ ಬೆಳಗುವಷ್ಟರಲ್ಲಿ ಮಸಿಯಪ್ಪ ಎರಡು ಸಲ ಆಕಳಿಸಿದ. ಬೆಳಗಿದ ಮೇಲೆ ಮಾತ್ರ ಚೆನ್ನಾಗಿತ್ತು, ಕಿಟಕಿಗೆ ಬೆನ್ನು ಮಾಡಿ ಕೂತರೆ. ಕಿಟಕಿಯ ಕಡೆ ಹಿಡಿದರೆ ತಮ್ಮ ಮುಖವೇ ಕಾಣುತ್ತಿತ್ತು. ಮಸಿಯಪ್ಪ ಅದರಿಂದ ಬೈಂಡರನ ಫೋಟೊ ತೆಗೆದ. ಫೋಟೊದಲ್ಲಿ ಬೈಂಡರ್ ಹೊಗೆಯೊಳಗಿಂದ ಎದ್ದು ಬರುತ್ತಿರುವ ಯಾರೋ ದೂರದ ನೆಂಟನಂತಿದ್ದ.

"ಇದ್ದದ್ದನ್ನ ಇದ್ದ ಹಾಗೇ ತೋರಿಸುತ್ತೆ" ಎಂದು ಹೇಳಿ ಅವಳು ಟ್ಯಾಬ್ಲೆಟ್ ಕೆಳಗಿಟ್ಟು ತನ್ನ ಮೇಜಿಗೆ ಹೋದಳು. ಎರಡು ಬೆರಳು ಅಗಲಿಸುವ ಮಾತಿಗೆ ಬೈಂಡರ್ ಬರುವಷ್ಟರಲ್ಲಿ ಅವಳ ಕೈ ಮತ್ತೆ ಹಾಳೆಯ ಮೇಲಿತ್ತು.

ಮೊದಲ ದಿನ ಹಾಗೆ ಹೋಯಿತು. ಎರಡನೆಯ ದಿನ ಅವನು ಕಾದಂಬರಿಯೊಂದನ್ನು ತೆರೆದು, ಅಕ್ಷರವನ್ನು ಗುಂಡಿಯಷ್ಟು ಮಾಡಿ, ಅವಳು ನೀರು ಕುಡಿಯಲು ಹೋಗುವ ದಾರಿಯಲ್ಲಿ ನಿಲ್ಲಿಸಿದ. ಬೆನ್ನಿಲ್ಲದ್ದು, ಮಗುಚಿ ಬಿತ್ತು. ಅವಳು ಎತ್ತಿಟ್ಟು, "ನಿಮ್ಮ ಗಿರಾಕಿಗಳ ಸಾಮಾನು ಕಾಲಿಗೆ ಸಿಗುತ್ತೆ ನೋಡಿ" ಎಂದಳು. ಮೂರನೆಯ ದಿನ ಅದು ಇಡೀ ಬೆಳಗ್ಗೆ ಮೇಜಿನ ಮೂಲೆಯಲ್ಲಿ ಕರೆಯದೆ ಬಂದ ಅತಿಥಿಯ ಹಾಗೆ ಕೂತಿತ್ತು. ಇನ್ನು ನಾಲ್ಕು ದಿನ. ನೇರವಾಗಿ ಹೇಳಿಬಿಡು ಮಾರಾಯ ಎಂದು ಬೈಂಡರ್ ತನಗೇ ಹೇಳಿಕೊಂಡ. ಬಾಯಿ ತೆರೆದ. "ದಾರ ಮುಗೀತಾ ಬಂತಲ್ಲ" ಎಂದ.

"ಎರಡು ಉಂಡೆ ಇದೆ" ಎಂದಳು.

ಮಾತು ಬಾರದವನಿಗೆ ಕೈಯೇ ಗತಿ. ಮೂರನೆಯ ದಿನ ಊಟಕ್ಕೆ ಮೊದಲು ಅವನು ಟ್ಯಾಬ್ಲೆಟ್ಟಿಗೆ ಒಂದು ಕವಚ ಕಟ್ಟಲು ಕುಳಿತ. ಬೆನ್ನಿಲ್ಲ ಎಂದಳಲ್ಲ, ಬೆನ್ನು ಕೊಡುತ್ತೇನೆ. ಪುಸ್ತಕದ ಹಾಗೆ ಕೈಗೆ ಕೂತರೆ ತಾನಾಗಿ ತೆರೆದಾಳು. ಎರಡು ದಪ್ಪ ರಟ್ಟು, ಕೆಂಪು ಬಟ್ಟೆ, ಮೂಲೆಗಳಿಗೆ ಚರ್ಮ, ಒಳಗೆ ಟ್ಯಾಬ್ಲೆಟ್ ಕೂರಲು ರಟ್ಟಿನದೇ ಚೌಕಟ್ಟು. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಇಷ್ಟು ಮನಸ್ಸಿಟ್ಟು ಅವನು ಯಾವ ಗ್ರಂಥವನ್ನೂ ಕಟ್ಟಿರಲಿಲ್ಲ.

ಅವನ ಕಸುಬಿನಲ್ಲಿ ಒಂದು ನೇಮ. ಅಂಟು ಹಚ್ಚಿದ ಯಾವುದೇ ವಸ್ತು ಒತ್ತುಯಂತ್ರದ ಕೆಳಗೆ ಮಲಗದೆ ಹೊರಗೆ ಹೋಗಕೂಡದು. ಇಲ್ಲವಾದರೆ ಒಣಗುವಾಗ ರಟ್ಟು ಸೊಟ್ಟಗಾಗುತ್ತದೆ. ಅವನಿಗಿದನ್ನು ಕಲಿಸಿದ ಮುದುಕ, ಒತ್ತು ಕಾಣದ ಪುಸ್ತಕವೂ ಏಟು ಕಾಣದ ಮಗನೂ ಎಂದೇನೋ ಹೇಳುತ್ತಿದ್ದ. ಬೈಂಡರನ ಕೈ ಮೂವತ್ತು ವರ್ಷದಿಂದ ಕಟ್ಟಿದ್ದನ್ನೆಲ್ಲ ತಾನಾಗಿ ಅಲ್ಲಿಗೇ ಒಯ್ಯುತ್ತದೆ. ಈಗಲೂ ಒಯ್ದಿತು. ಕವಚ ಸರಿಯಾದ ಆಕಾರಕ್ಕೆ ಒಣಗಬೇಕಾದರೆ ಟ್ಯಾಬ್ಲೆಟ್ ಒಳಗೇ ಇರಬೇಕು. ಸರಿ, ಮೇಲೊಂದು ಹಲಗೆ, ಕೆಳಗೊಂದು ಹಲಗೆ, ನಡುವೆ ಟ್ಯಾಬ್ಲೆಟ್. ಕಬ್ಬಿಣದ ಚಕ್ರವನ್ನು ಎರಡು ಸುತ್ತು ತಿರುಗಿಸಿ, ರೂಢಿಯಂತೆ ಇನ್ನರ್ಧ ಸುತ್ತು ಬಿಗಿದು, ಕೈ ತೊಳೆದುಕೊಂಡು ಬಂದು ಊಟದ ಡಬ್ಬಿ ಬಿಚ್ಚಿದ.

ಮೊದಲ ತುತ್ತು ಬಾಯಿಗೆ ಹೋಗಿರಲಿಲ್ಲ. ಕೋಣೆಯಲ್ಲಿ ಯಾರೋ ಹೆಂಗಸು ಮಾತನಾಡಿದಳು.

"ಪರದೆ ಓದುವಿಕೆ ಆರಂಭವಾಗಿದೆ."

ಹೆಂಡತಿ ತಲೆ ಎತ್ತಿದಳು. "ಯಾರ್ರೀ ಅದು?"

ಬೈಂಡರ್ ಬಾಗಿಲು ನೋಡಿದ. ಯಾರೂ ಇಲ್ಲ.

"ಬ್ಯಾಟರಿ ಶೇಕಡಾ ಎಂಬತ್ತೊಂದು" ಎಂದಿತು ದನಿ, ಬಾವಿಯೊಳಗಿನಿಂದ ಬಂದ ಹಾಗೆ.

"ಒತ್ತುಯಂತ್ರದಿಂದ ಬರ್ತಿದೆ! ರೀ, ಅದರಲ್ಲಿ ಏನು ಹಾಕಿದೀರಿ?"

ಬೈಂಡರ್ ಇಂಗು ತಿಂದ ಮಂಗನ ಹಾಗೆ ನಿಂತ. ಆಗಲೇ ಅವನಿಗೆ ತಾನು ಮಾಡಿದ್ದೇನು ಎಂಬುದು ಹೊಳೆದದ್ದು.

"ಗಾಜಿನ ಸಾಮಾನನ್ನ ಒತ್ತಿಗೆ ಹಾಕಿದ್ರಾ? ಗಾಜನ್ನ? ನಾಳೆ ನನ್ನ ಕನ್ನಡಕಕ್ಕೂ ರಟ್ಟು ಕಟ್ಟಿ ಹಾಕ್ತೀರೇನೋ! ಬಿಚ್ರೀ ಮೊದಲು!"

ಅವನು ಚಕ್ರಕ್ಕೆ ಕೈ ಹಾಕಿದ, ಗಾಬರಿಯಲ್ಲಿ ಬಿಗಿಯುವ ಕಡೆಗೇ ತಿರುಗಿಸಿದ. "ಆ ಕಡೆ ಅಲ್ಲ, ಆ ಕಡೆ ಅಲ್ಲ!" ಎಂದು ಅವಳು ಅವನನ್ನು ತಳ್ಳಿ ತಾನೇ ಚಕ್ರ ಸಡಿಲಿಸಿದಳು. ಗದ್ದಲ ಕೇಳಿ ಮಸಿಯಪ್ಪ ಯಂತ್ರ ನಿಲ್ಲಿಸಿ ಓಡಿ ಬಂದ. ಮೂವರೂ ಬಗ್ಗಿ ನೋಡಿದರು. ಗಾಜು ಒಡೆದಿರಲಿಲ್ಲ. ರಟ್ಟಿನ ಚೌಕಟ್ಟು ಅದನ್ನು ಕಾಪಾಡಿತ್ತು. ಪ್ಲಾಸ್ಟಿಕ್ಕಿನ ಒಂದು ಮೂಲೆಯಲ್ಲಿ ಮಾತ್ರ ಉಗುರಿನಷ್ಟುದ್ದದ ಬಿರುಕು.

"ಗೀರು ಬಿತ್ತು" ಎಂದಳು ಹೆಂಡತಿ. "ಇನ್ನು ಏಳು ದಿನದ ಮಾತು ಬಿಡಿ, ಯಾರು ತಗೋತಾರೆ ವಾಪಸ್ಸು?"

"ನಿನಗೆ ಹೇಗೆ ಗೊತ್ತು?"

"ಪೆಟ್ಟಿಗೆ ಮೇಲೆ ಅಂಗೈ ಅಗಲ ಅಕ್ಷರದಲ್ಲಿ ಚೀಟಿ ಅಂಟಿಸಿದಾರೆ. ಅಷ್ಟೂ ಕಾಣಲ್ವಾ ನನಗೆ?"

ಅದು ಹದಿನಾಲ್ಕು ತಿಂಗಳಲ್ಲಿ ಕಣ್ಣಿನ ಬಗ್ಗೆ ಆಡಿದ ಮೊದಲ ಮಾತು. ಬೈಂಡರ್ ಅದನ್ನು ಹಿಡಿಯಲು ಹೋಗಲಿಲ್ಲ. ಹಿಡಿದರೆ ಹಾರಿಹೋಗುತ್ತದೆ.

ಅಷ್ಟರಲ್ಲಿ ಮಸಿಯಪ್ಪ ಪರದೆ ಮುಟ್ಟಿದ. ಮುಟ್ಟಿದ್ದೆಲ್ಲವನ್ನೂ ಅದು ಹೆಸರು ಹಿಡಿದು ಕೂಗತೊಡಗಿತು. ಗಡಿಯಾರ, ಕ್ಯಾಮೆರಾ, ಪುಸ್ತಕಗಳು. ಒಂದು ಸಲ ಮುಟ್ಟಿದರೆ ಹೇಳುತ್ತದೆ, ಬೇಗ ಬೇಗ ಎರಡು ಸಲ ತಟ್ಟಿದರೆ ತೆರೆಯುತ್ತದೆ ಎಂಬುದನ್ನು ಅವನೇ ಕಂಡುಹಿಡಿದ. ಒಂದು ಕಾದಂಬರಿ ತೆರೆಯಿತು. ಪುಟದ ಮೇಲೆ ಬೆರಳಿಟ್ಟ ಕೂಡಲೇ ದನಿ ಓದತೊಡಗಿತು.

"ಬಾಡಿಗೆದಾರನ ಬೂಟುಗಳು ಬಾಗಿಲಲ್ಲೇ ಇದ್ದವು. ಬಾಡಿಗೆದಾರ ಮಾತ್ರ ಕೋಣೆಯಲ್ಲಿರಲಿಲ್ಲ."

"ಅಯ್ಯೋ ಇದು ಓದುತ್ತೆ ಅತ್ತಿಗೆ!"

ಅವಳು ಟ್ಯಾಬ್ಲೆಟ್ ಎತ್ತಿಕೊಂಡು ಹೋಗಿ, ದಾರದ ಕೆಳಗೆ, ಹಾಳೆಯ ಕಟ್ಟಿಗೆ ಒರಗಿಸಿ ಇಟ್ಟಳು. ಅದು ಓದುತ್ತ ಹೋಯಿತು, ಅವಳು ಮಡಚುತ್ತ ಹೋದಳು. ಮಸಿಯಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಪಾಪ, ಚೆನ್ನಾಗೇ ಓದುತ್ತೆ" ಎಂದಳು ಅವಳು ಸ್ವಲ್ಪ ಹೊತ್ತಿನ ಮೇಲೆ. "ಇದಿದ್ರೆ ಇನ್ನೇನು ಬೇಕು? ಯಾರೂ ಗಂಟಲು ಹರಿದುಕೊಳ್ಳಬೇಕಿಲ್ಲ."

ಬೈಂಡರ್ ಟ್ಯಾಬ್ಲೆಟ್ಟನ್ನೇ ನೋಡಿದ. ದಾರಿಯಲ್ಲಿ ಹೋಗುವ ಮಾರಿಯನ್ನು ಕರೆದು ಮನೆಯಲ್ಲಿ ಕೂರಿಸಿದ್ದು ತಾನೇ. ಕೋಣೆಗೆ ದನಿ ಬಂದಿತ್ತು, ಆದರೆ ಬರಬೇಕಾದ ದನಿ ಇದಲ್ಲ. ಅದನ್ನು ಯಾರ ಮುಂದೆ ದೂರುವುದು? ಅವಳಿಗೆ ಕಥೆ ಸಿಕ್ಕಿತು, ಕಣ್ಣಿಗೆ ಶ್ರಮವಿಲ್ಲ, ಮುಖದಲ್ಲಿ ಸಮಾಧಾನವಿದೆ. ಇನ್ನೇನು ಬೇಕು ಎಂದು ಅವಳೇ ಕೇಳಿದಳಲ್ಲ. ಅವನು ಬಿಚ್ಚಿಟ್ಟ ಡಬ್ಬಿಯ ಕಡೆ ಮತ್ತೆ ಹೋಗಲಿಲ್ಲ. ಬ್ರಷ್ಷನ್ನು ಅಂಟಿನಲ್ಲಿ ಅದ್ದಿ, ಯಾವುದಕ್ಕೆ ಹಚ್ಚಬೇಕು ಎಂದು ಮರೆತು ಹಾಗೇ ಹಿಡಿದು ಕುಳಿತ.

ಕಥೆಯಲ್ಲಿ ಮನೆಯೊಡತಿ ಮಹಡಿಯ ಬಾಗಿಲು ತೆರೆದಳು. ಒಳಗೆ ಯಾರೋ ಕಪಾಟಿನ ಹಿಂದಿನಿಂದ ಅವಳ ಕೈ ಹಿಡಿದರು. ದನಿ ಓದಿತು, "ಅಯ್ಯಯ್ಯೋ ಕಾಪಾಡಿ ಕಾಪಾಡಿ ಎಂದು ಅವಳು ಕಿರುಚಿದಳು ಪುಟ ಹನ್ನೆರಡು ಮನೆಯೆಲ್ಲ ನಡುಗಿತು." ಮುಂದಿನ ನಿಲ್ದಾಣ ಯಾವುದೆಂದು ಬಸ್ಸಿನಲ್ಲಿ ಹೇಳುವ ಹಾಗೆ, ಅಷ್ಟೇ ತಣ್ಣಗೆ.

ಅವಳ ಕೈ ನಿಂತಿತು.

"ಇವಳೇನು, ಕಿರುಚ್ತಿದಾಳಾ ಇಲ್ಲ ಲೆಕ್ಕದ ಪಾಠ ಒಪ್ಪಿಸ್ತಿದಾಳಾ?"

ಮಸಿಯಪ್ಪ ಕಿಸಕ್ಕೆಂದ.

"ಕುತ್ತಿಗೆಗೆ ಬಂದಿರೋ ಹೊತ್ತಲ್ಲಿ ಪುಟ ಹನ್ನೆರಡು ಅಂತಾಳಲ್ಲ! ಬೇಡ, ಬೇಡ, ನಿಲ್ಲಿಸಿ ಇದನ್ನ. ಹೀಗೂ ಓದ್ತಾರಾ? ಬರೆದವನ ಹೊಟ್ಟೆ ಉರಿಯಲ್ವಾ? ರೀ, ಬಾಯಿ ಮುಚ್ಚಿಸ್ರೀ ಇವಳದು!"

"ಹೇಗೆ ಮುಚ್ಚಿಸೋದು?" ಎಂದ ಮಸಿಯಪ್ಪ. "ಮತ್ತೆ ಒತ್ತಿಗೆ ಹಾಕಬೇಕಾ?"

ಬೈಂಡರ್ ಎದ್ದ ವೇಗಕ್ಕೆ ಸ್ಟೂಲು ಉರುಳಿತು. ಅವನು ಕವಚ ಮತ್ತು ಟ್ಯಾಬ್ಲೆಟ್ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದ. ತನ್ನ ರಟ್ಟಿನ ಚೌಕಟ್ಟಿನ ಒಳಅಂಚು ಎಲ್ಲಿ ಕೂತಿತ್ತು? ಪಕ್ಕದಲ್ಲಿದ್ದ ಎರಡು ಪುಟ್ಟ ಗುಂಡಿಗಳ ಮೇಲೆ. ದನಿ ಏರಿಸುವುದು ಒಂದು, ಇಳಿಸುವುದು ಒಂದು. ಒತ್ತು ಬಿಗಿದಾಗ ಎರಡೂ ಒಟ್ಟಿಗೆ ಅದುಮಿಹೋಗಿದ್ದವು. ಯಾವುದನ್ನು ಒತ್ತಿದ್ದರಿಂದ ಶುರುವಾಯಿತೋ ಅದನ್ನೇ ಒತ್ತಿದರೆ ನಿಲ್ಲಲೇಬೇಕು. ಎರಡು ಹೆಬ್ಬೆರಳಿನಿಂದ ಬಿಗಿಹಿಡಿದ. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಟ್ಯಾಬ್ಲೆಟ್ಟಿನ ಹೆಂಗಸು ನಡುವಾಕ್ಯದಲ್ಲೇ ಬಾಯಿ ಮುಚ್ಚಿದಳು.

"ಕೊಡಿ ಇಲ್ಲಿ" ಎಂದಳು ಹೆಂಡತಿ.

ಕೊಟ್ಟ. ಅವಳು ಕಿಟಕಿಗೆ ಬೆನ್ನು ಹಾಕಿ ಕುಳಿತು, ಯಾರೂ ಹೇಳಿಕೊಡದೆ, ಎರಡು ಬೆರಳನ್ನು ಪರದೆಯ ಮೇಲಿಟ್ಟು ಅಗಲಿಸಿದಳು. ಅಕ್ಷರ ಕಡಲೆಯಷ್ಟಾಯಿತು. ಇನ್ನೂ ಅಗಲಿಸಿದಳು. ಪುಟಕ್ಕೆ ಎಂಟು ಸಾಲು ಉಳಿಯಿತು. ಅವನಿಗೆ ಆಗ ಗೊತ್ತಾಯಿತು, ಈ ಮೂರು ದಿನದಲ್ಲಿ ಅವನು ರಟ್ಟು ತರಲು ಹೊರಗೆ ಹೋದಾಗಲೋ ಏನೋ, ಅವಳು ಇದನ್ನು ಒಬ್ಬಳೇ ಮಾಡಿ ನೋಡಿದ್ದಾಳೆ.

ಅವಳು ಗಂಟಲು ಸರಿಮಾಡಿಕೊಂಡಳು. "ಅಯ್ಯಯ್ಯೋ! ಕಾಪಾಡಿ! ಕಾಪಾಡೀ!"

ಹಲಗೆಯ ಗೋಡೆ ನಡುಗಿತು. ಎದುರು ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ನಿಂತು, "ಏನಾಯ್ತು?" ಎಂದು ಬಾಗಿಲಲ್ಲಿ ಇಣುಕಿದ.

"ಏನಿಲ್ಲ, ಓದ್ತಿದಾರೆ" ಎಂದು ಮಸಿಯಪ್ಪ ಅವನನ್ನು ಕಳಿಸಿ, ಅಲ್ಲೇ ರೀಮಿನ ಮೇಲೆ ಕುಕ್ಕರಿಸಿದ. "ಅತ್ತಿಗೆ, ನೀವು ಓದೋದು ಬಿಟ್ಟ ಮೇಲೆ ನನ್ನ ಮೆಷಿನ್ನಿನ ಗಲಾಟೆ ನನಗೇ ಕೇಳಿಸೋಕೆ ಶುರುವಾಗಿತ್ತು. ಎಷ್ಟು ಕೆಟ್ಟದಾಗಿ ಕೂಗುತ್ತೆ ಗೊತ್ತಾ ಅದು?"

"ಹಾಗಾದ್ರೆ ಎಣ್ಣೆ ಬಿಡು" ಎಂದು ಅವಳು ಮುಂದುವರಿದಳು. ಒಂದು ಪುಟ ಸರಿಸಿದಳು, ಇನ್ನೊಂದು ಸರಿಸಿದಳು. ಹುಬ್ಬು ಗಂಟಿಕ್ಕಿತು. "ಇದೇನ್ರೀ, ಹನ್ನೆರಡಾದ ಮೇಲೆ ಹದಿಮೂರು, ಹದಿಮೂರಾದ ಮೇಲೆ ಹದಿನಾಲ್ಕು. ಕಥೆಯೋ ಮಗ್ಗಿಯೋ?"

ಹಳೆಯ ಅಭ್ಯಾಸಕ್ಕೆ ಅದನ್ನು ತಲೆಕೆಳಗು ಮಾಡಿದಳು. ಅಕ್ಷರಗಳು ತಾವೂ ಹೊರಳಿ ನೆಟ್ಟಗೆ ನಿಂತವು. ಮತ್ತೆ ತಿರುಗಿಸಿದಳು, ಮತ್ತೆ ನಿಂತವು. "ಹಠಮಾರಿ! ಏನು ಮಾಡಿದ್ರೂ ನೆಟ್ಟಗೇ ಇರ್ತೀನಿ ಅಂತಾನೆ ನೋಡಿ!" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಆಮೇಲೆ ಇದಕ್ಕೆ ತನ್ನದೇ ದಾರಿ ಕಂಡುಕೊಂಡಳು. ಎರಡು ಪುಟ ಹಾರಿಸಿ ಮೂರನೆಯದನ್ನು ಓದುವುದು, ನಡುವಿನದನ್ನು ತಾನೇ ಹೇಳುವುದು, ಆಮೇಲೆ ಹಿಂದೆ ಬಂದು ತಾಳೆ ನೋಡುವುದು. ಮನೆಯೊಡತಿಯ ಕೈ ಹಿಡಿದವನು ಬಾಡಿಗೆದಾರನಲ್ಲ, ಅವಳ ಓಡಿಹೋದ ಗಂಡ ಎಂದಳು. ಹಿಂದೆ ಬಂದು ನೋಡಿದರೆ ಅದು ಬೆಕ್ಕು.

"ಬೆಕ್ಕಂತೆ! ಕೈ ಹಿಡಿಯೋಕೆ ಬೆಕ್ಕಿಗೆ ಕೈ ಇದೆಯಾ? ಥೂ, ನನ್ನದೇ ಚೆನ್ನಾಗಿತ್ತು."

"ನಿಮ್ಮದೇ ಇರಲಿ ಅತ್ತಿಗೆ" ಎಂದ ಮಸಿಯಪ್ಪ. "ಗಂಡ ಯಾಕೆ ಓಡಿಹೋದ, ಅದು ಹೇಳಿ."

ಅವಳು ಟ್ಯಾಬ್ಲೆಟ್ಟನ್ನು ಅವನು ಕಟ್ಟಿದ ಕವಚದಲ್ಲಿ ಕೂರಿಸಿ ಎತ್ತಿ ನೋಡಿದಳು. "ಮೂಗಿಗಿಂತ ಮೂಗುತಿ ಭಾರ. ಇಷ್ಟು ದಪ್ಪ ರಟ್ಟು ಯಾಕೆ ಬೇಕಿತ್ತು? ಗುಂಡಿ ಇರೋ ಕಡೆ ಕೊರೆದು ಕೊಡಿ, ಇಲ್ಲದಿದ್ರೆ ಆ ಹೆಂಗಸು ಮತ್ತೆ ಎದ್ದು ಬರ್ತಾಳೆ. ಬಣ್ಣ ಮಾತ್ರ ಚೆನ್ನಾಗಿದೆ." ತುಸು ತಡೆದು, ಕಣ್ಣು ಪುಟದ ಮೇಲೇ ಇಟ್ಟು ಕೇಳಿದಳು, "ಗಿರಾಕಿಗಳಿಗೆ ಬೇಕಾದ್ರೆ ಏನು ಮಾಡ್ತೀರಿ?"

"ಅವರಿಗೆ ರಟ್ಟೇ ತೋರಿಸ್ತೀನಿ" ಎಂದ ಬೈಂಡರ್.

ಅವಳು ನಕ್ಕಳು. ಕವಚವನ್ನು ಹಾಳೆಯ ಕಟ್ಟಿಗೆ ಆನಿಸಿ ನಿಲ್ಲಿಸಿದಳು. ಈಗ ಬೆನ್ನಿತ್ತು, ನಿಂತಿತು. ಕೈಗಳು ಹಾಳೆಗೆ ಮರಳಿದವು. ಮಡಿಕೆ, ಸಾಲು, ಮಡಿಕೆ, ಸಾಲು. ಓಡಿಹೋದ ಗಂಡನ ಕಥೆ ಬೆಕ್ಕನ್ನು ದಾಟಿ ಎಲ್ಲೋ ಹೋಯಿತು. ಮಸಿಯಪ್ಪನ ಯಂತ್ರ ಸಂಜೆಯವರೆಗೂ ಶುರುವಾಗಲಿಲ್ಲ.

"ಬಾಯಿ ಸಾಕು, ಕೈ ನಡೀಲಿ" ಎಂದ ಬೈಂಡರ್.

"ನಡೀತಾನೇ ಇದೆ. ನಿಮ್ಮ ಬ್ರಷ್ಷು ಒಣಗಿ ಕಡ್ಡಿಯಾಗಿದೆ, ಅದನ್ನ ನೋಡ್ಕೊಳ್ಳಿ."

ಅವನು ಬ್ರಷ್ಷನ್ನು ಬಿಸಿನೀರಿನಲ್ಲಿ ನೆನೆಸಿ, ಅವಳಿಗೆ ಬೆನ್ನು ಮಾಡಿ ಕುಳಿತು, ಕವಚಕ್ಕೆಂದು ಕೊರೆದ ರಟ್ಟಿನ ಚೂರನ್ನು ಅಳೆಯುತ್ತ ಇಡೀ ಮಧ್ಯಾಹ್ನ ಕೇಳಿದ. ಅವಳ ಓದು ನಿಂತ ಆ ಹದಿನಾಲ್ಕು ತಿಂಗಳು ಈ ಕೋಣೆಯಲ್ಲಿ ಕೂರುವುದು ತನಗೆ ಕಷ್ಟವಾಗಿತ್ತು ಎಂದು ಅವನು ಅವಳಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.